ಕಡಿಮೆ ಖರ್ಚಿನಲ್ಲಿ ಮೋರ್ಯರ ಗುಡ್ಡ ಹತ್ತೋಣ ಬರ್ರಿ



ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದಲು ಶಾಲೆಯ ಗ್ರಂಥಾಲಯ ಇದೆ. ದೇಶ ಸುತ್ತಲು ರೊಕ್ಕ ಬೇಕಲ್ಲ! ಹೋದ ವರ್ಷದ ಪ್ರವಾಸಕ್ಕೆ ಒಬ್ಬರಿಗೆ 1500 ರೂಪಾಯಿ ಆಯಿತು. ನಮ್ಮ ತರಗತಿಯ 9 ಮಂದಿ ಹೋಗಲಿಲ್ಲ. ಕೇಳಿದವರಿಗೆಲ್ಲ "ಜ್ವರ ಬಂದಿತ್ತು" ಅಂದೆವು. ಆ 9 ಮಂದಿಯಲ್ಲಿ ನಾನೂ ಒಬ್ಬಳು. ಯಾರಿಗೂ ಜ್ವರ ಬಂದಿರಲಿಲ್ಲ. ಈ ವರ್ಷ ಒಬ್ಬರೂ ಹಿಂದೆ ಉಳಿಯಬಾರದೆಂದು ಈ ಯೋಜನೆ ಬರೆದಿದ್ದೇನೆ.

ಎಲ್ಲಿಗೆ?
ಹಿರೇಬೆಣಕಲ್ ಗುಡ್ಡಕ್ಕೆ. ಇದು ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್. ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ಕಲ್ಲಿನ ರಚನೆಗಳಿವೆ. ಎರಡು ಸಾವಿರ ವರ್ಷಕ್ಕಿಂತ ಹಳೆಯವು. ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿ, ಮನೆಯ ಹಾಗೆ ಮಾಡಿದ್ದಾರೆ. ಕೆಲವಕ್ಕೆ ದುಂಡನೆಯ ಕಿಂಡಿಯೂ ಇದೆ. ಮೋರ್ಯರೆಂಬ ಗಿಡ್ಡ ಜನ ಇದರಾಗ ಇದ್ದರು ಅಂತ ಹಿರಿಯರು ಹೇಳ್ತಾರೆ. ಇವು ಸತ್ತವರಿಗಾಗಿ ಕಟ್ಟಿದವು ಎಂಬುದು ವಿದ್ವಾಂಸರ ಮಾತು. ದೊಡ್ಡ ಬಂಡೆಯ ಮೇಲೆ ನಗಾರಿ ಆಕಾರದ ಕಲ್ಲೂ ಇದೆ. ಬಡಿದರೆ ಸಪ್ಪಳ ದೂರದವರೆಗೆ ಕೇಳುತ್ತದೆ. 2021ರಲ್ಲಿ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಷ್ಟು ಹತ್ತಿರ ಇದ್ದರೂ ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ?

ಯಾವಾಗ?
ಡಿಸೆಂಬರ್ ಅಥವಾ ಜನವರಿಯಲ್ಲಿ. ಶಿವರಾತ್ರಿ ದಾಟಿದರೆ ಬಂಡೆ ಕಾದ ಹಂಚಿನಂತಾಗುತ್ತದೆ. ಮೊದಲ ಬಸ್ಸಿಗೆ ಹೊರಟು ಬೆಳಿಗ್ಗೆಯೇ ಹತ್ತಬೇಕು, ಊಟ ಮುಗಿಸಿ ಇಳಿಯಬೇಕು. ಈ ಕಡೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಇರುತ್ತವೆ. ಹೊತ್ತು ಮುಳುಗುವವರೆಗೆ ಇರುವುದು ಬ್ಯಾಡ.

ಖರ್ಚು ಎಷ್ಟು?
ನಾವು 30 ಮಂದಿ: ಹುಡುಗಿಯರು 17, ಹುಡುಗರು 13. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿರುವುದರಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ದುಡ್ಡಿಲ್ಲ. ಆಧಾರ್ ಕಾರ್ಡ್ ಮರೆಯಬೇಡಿ.

ಹುಡುಗರ ಬಸ್ಸು, ಹೋಗಿ ಬರಲು 80ರಂತೆ: 1040
ದಾರಿ ತೋರಿಸುವ ಊರಿನವರಿಗೆ: 400
ಶೇಂಗಾ, ಬೆಲ್ಲ: 260
ಔಷಧಿ, ಪಟ್ಟಿ: 100
ಒಟ್ಟು: 1800 ರೂಪಾಯಿ

ತಲೆಗೆ 60 ರೂಪಾಯಿ ಬೀಳುತ್ತದೆ. ಸರ್ ಮತ್ತು ಟೀಚರ್ ತಮ್ಮ ಖರ್ಚು ತಾವೇ ನೋಡಿಕೊಳ್ಳುತ್ತಾರೆ. "ನಮಗೆ ಬಸ್ ಪುಗಸಟ್ಟೆ, ನಾವ್ಯಾಕ 60 ಕೊಡಬೇಕು?" ಅಂತ ಕೆಲವು ಗೆಳತಿಯರು ಕೇಳಿದರು. ನಮ್ಮ ಟಿಕೆಟ್ ಉಳಿದದ್ದು ಇಡೀ ತರಗತಿಗೆ ಉಳಿದಂತೆ ಅಂತ ನನ್ನ ಅನಿಸಿಕೆ. ಇಲ್ಲದಿದ್ದರೆ ಒಬ್ಬರಿಗೆ 100 ದಾಟುತ್ತಿತ್ತು.

ಇನ್ನೊಂದು ಮಾತು. ಹೆಸರು ಬರೆದುಕೊಂಡು ದುಡ್ಡು ಕೂಡಿಸುವುದು ಬೇಡ. ಮುಚ್ಚಳಕ್ಕೆ ಸೀಳು ಮಾಡಿದ ಡಬ್ಬಿಯನ್ನು ಟೀಚರ್ ಮೇಜಿನ ಮೇಲೆ ಇಡೋಣ. ಆದಷ್ಟು ಹಾಕಲಿ, ಆಗದವರು ಸುಮ್ಮನಿರಲಿ. ಕಡಿಮೆ ಬಿದ್ದರೆ ಮನೆಮನೆಯ ರದ್ದಿ ಕೂಡಿಸಿ ಮಾರೋಣ.

ಏನು ಒಯ್ಯಬೇಕು?
ಒಬ್ಬೊಬ್ಬರೂ 2 ಲೀಟರ್ ನೀರು. ಮೇಲೆ ನಲ್ಲಿ ಇಲ್ಲ, ಅಂಗಡಿ ಇಲ್ಲ. ಹಿಂದಿನವರು ಕಲ್ಲು ಒಡೆದ ತಗ್ಗಿನಲ್ಲಿ ಮಳೆನೀರು ನಿಂತಿರುತ್ತದೆ, ಅದನ್ನು ಕುಡಿಯಬಾರದು. ಮನೆಯಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಸಾಕು, ಹಂಚಿಕೊಂಡು ತಿನ್ನೋಣ. ಟೋಪಿ ಅಥವಾ ಟವೆಲ್ ಇರಲಿ. ಬೂಟೇ ಬೇಕೆಂದಿಲ್ಲ, ಜಾರದ ಚಪ್ಪಲಿ ನಡೆಯುತ್ತದೆ. ತಂದೆ ತಾಯಿಯ ಒಪ್ಪಿಗೆ ಪತ್ರ ಕಡ್ಡಾಯ.

ಅಲ್ಲಿ ಹೇಗಿರಬೇಕು?
ನಿಧಿಯ ಆಸೆಗೆ ಅಗೆದು ಎಷ್ಟೋ ಕಲ್ಮನೆಗಳನ್ನು ಕೆಡವಿದ್ದಾರೆ. ನಾವು ಚಪ್ಪಡಿ ಮೇಲೆ ಹತ್ತಬಾರದು, ಹೆಸರು ಕೆತ್ತಬಾರದು, ಕಸ ಬಿಡಬಾರದು.

ಗುರುಗಳು ಒಪ್ಪಿಗೆ ಕೊಟ್ಟರೆ ಸೋಮವಾರದಿಂದ ಡಬ್ಬಿ ಇಡುತ್ತೇವೆ. ಈ ಸಲ ಯಾರಿಗೂ ಜ್ವರ ಬರಬಾರದು!

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ