ಬಿಸಿಲಿಗೆ ಸಸ್ಯಗಳ ಗುರಾಣಿ

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳೂ 16.5 ಮತ್ತು 17 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇವೆ. ಆದುದರಿಂದ ವರ್ಷಕ್ಕೆರಡು ಸಲ, ಮೇ 6ರ ಮತ್ತು ಆಗಸ್ಟ್ 6ರ ಸುಮಾರಿಗೆ, ನಡುಹಗಲಿನ ಸೂರ್ಯನು ಇಲ್ಲಿ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗ ಅವನ ಕಿರಣಗಳು ವಾಯುಮಂಡಲದಲ್ಲಿ ಅತ್ಯಂತ ಕಡಮೆ ದೂರ ಸಾಗಿ ನೆಲವನ್ನು ಮುಟ್ಟುತ್ತವೆ. ಓಜೋನ್ ಪದರವು ಅವನ್ನು ಸೋಸುವುದೂ ಆಗ ಕಡಮೆಯೇ. ಹತ್ತಿ, ತೊಗರಿ, ಬತ್ತದ ಹೊಲಗದ್ದೆಗಳಲ್ಲಿ ದಿನವಿಡೀ ದುಡಿಯುವವರ ಮುಖದ ಮೇಲೆ ಬಂಗು ಹೆಚ್ಚುವುದಕ್ಕೂ ಸುಕ್ಕು ಬೇಗನೆ ಮೂಡುವುದಕ್ಕೂ ಬಿಸಿಲು ಒಂದು ಮುಖ್ಯ ಕಾರಣ. ಅರಿಶಿನ, ನಿಂಬೆ, ಲೋಳೆಸರಗಳು ಇದನ್ನು ತಡೆಯುತ್ತವೆಂದು ಹಲವರು ನಂಬುತ್ತಾರೆ. ಇದರಲ್ಲಿ ನಿಜವೆಷ್ಟು?

ಮೊದಲು ಶತ್ರುವನ್ನು ಗುರುತಿಸೋಣ. ಬಿಸಿಲಿನ ಕಾವು ಬೇರೆ, ಚರ್ಮವನ್ನು ಕೆಡಿಸುವ ಕಿರಣ ಬೇರೆ. ರೋಹಿತದಲ್ಲಿ ನೇರಳೆ ಬಣ್ಣದ ಆಚೆಗೆ ಕಣ್ಣಿಗೆ ಕಾಣದ ಕಿರಣಗಳಿರುವುದನ್ನು 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ ಕಂಡುಹಿಡಿದನು. ಇವೇ ಅತಿನೇರಳೆ ಕಿರಣಗಳು. ಕೆಂಪು ಬೆಳಕಿನ ಒಂದು ಫೋಟಾನಿನಲ್ಲಿ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದ್ದರೆ, 300 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಫೋಟಾನಿನಲ್ಲಿ 4.1ರಷ್ಟು ಇರುತ್ತದೆ. ಚರ್ಮದ ಜೀವಕೋಶಗಳಲ್ಲಿರುವ ಡಿ.ಎನ್.ಎ. ಅಣುವಿನ ನೆರೆಯ ಘಟಕಗಳನ್ನು ಅಸಹಜವಾಗಿ ಬೆಸೆದುಬಿಡಲು ಇಷ್ಟು ಶಕ್ತಿ ಸಾಕು. ನಮ್ಮ ಚರ್ಮದ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವು ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ಪೂರ್ಣವಾಗಿ ಅಲ್ಲ.

ಗಿಡಗಳಿಗೂ ಇದೇ ಅಪಾಯವುಂಟು. ನೆರಳಿಗೆ ಸರಿಯಲು ಅವಕ್ಕೆ ಕಾಲುಗಳಿಲ್ಲ. ಆದುದರಿಂದ ಅವು ಎಲೆಯ ಹೊರಪದರದಲ್ಲಿ ಫ್ಲೇವೊನಾಯ್ಡ್ ಮುಂತಾದ ದ್ರವ್ಯಗಳನ್ನು ತುಂಬಿಕೊಳ್ಳುತ್ತವೆ. ಆಹಾರ ತಯಾರಿಕೆಗೆ ಬೇಕಾದ ಬೆಳಕನ್ನು ಒಳಕ್ಕೆ ಬಿಟ್ಟು, ಅತಿನೇರಳೆಯನ್ನು ಮಾತ್ರ ಹೀರುವುದು ಇವುಗಳ ಗುಣ. ನಮ್ಮ ಹೊಂಗೆಯ ಬೀಜದಲ್ಲಿಯೂ ಪೊಂಗಮಾಲ್ ಎಂಬ ದ್ರವ್ಯವಿದೆ. ಇದು 350 ನ್ಯಾನೋಮೀಟರ್ ಸುಮಾರಿನ ಕಿರಣಗಳನ್ನು ಚೆನ್ನಾಗಿ ಹೀರುತ್ತದೆ. ಬಿಸಿಲು ತಡೆಯುವ ಮುಲಾಮುಗಳಲ್ಲಿ ಬಳಸುವ ಅವೋಬೆಂಜೋನ್ ಎಂಬ ಕೃತಕ ದ್ರವ್ಯವು ಅಣುರಚನೆಯಲ್ಲಿ ಇದರ ಹತ್ತಿರದ ಬಂಧು.

ಹಾಗೆಂದು ಸಸ್ಯದಿಂದ ಬಂದುದೆಲ್ಲವೂ ಗುರಾಣಿಯಲ್ಲ. ಅರಿಶಿನದ ಕರ್ಕ್ಯುಮಿನ್ ಹೆಚ್ಚಾಗಿ ಹೀರುವುದು 420 ನ್ಯಾನೋಮೀಟರ್ ಸುಮಾರಿನ ನೀಲಿ-ನೇರಳೆ ಬೆಳಕನ್ನು. ಅದು ಹಳದಿಯಾಗಿ ಕಾಣುವುದು ಇದರಿಂದಲೇ. 300ರ ಸುಮಾರಿನ ಕಿರಣಗಳನ್ನು ತಡೆಯುವುದರಲ್ಲಿ ಅದು ದುರ್ಬಲ. ಲೋಳೆಸರದ ತಿರುಳು ಬಹುಪಾಲು ನೀರು. ತಂಪು ನೀಡೀತೇ ಹೊರತು ಕಿರಣವನ್ನು ನಿಲ್ಲಿಸದು. ನಿಂಬೆಯಂತೂ ಅಪಾಯಕಾರಿ. ಅದರ ಸಿಪ್ಪೆಯಲ್ಲಿರುವ ಫ್ಯೂರೊಕೌಮರಿನ್‌ಗಳು ಚರ್ಮಕ್ಕೆ ಅಂಟಿ ಬಿಸಿಲು ತಾಗಿದರೆ ಬೊಬ್ಬೆಗಳೇಳಬಹುದು, ಕಪ್ಪು ಕಲೆಗಳುಳಿಯಬಹುದು. ಬಾವಂಚಿ ಬೀಜದ ಸೊರಾಲೆನ್ ಇದೇ ಗುಂಪಿನದು. ತೊನ್ನಿನ ಚಿಕಿತ್ಸೆಯಲ್ಲಿ ವೈದ್ಯರು ಸೊರಾಲೆನ್ ಬಳಸುವುದು ಅತಿನೇರಳೆಯ ಪರಿಣಾಮವನ್ನು ಹೆಚ್ಚಿಸುವುದಕ್ಕಾಗಿಯೇ!

ಹೊಂಗೆಯೆಣ್ಣೆಯನ್ನೇ ಹಚ್ಚಿಕೊಳ್ಳಬಹುದಲ್ಲವೇ ಎಂದು ಕೇಳಬಹುದು. ಅದು ತಕ್ಕುದಲ್ಲ. ಎಣ್ಣೆಯಲ್ಲಿ ಪೊಂಗಮಾಲ್ ಅತ್ಯಲ್ಪ. ತೆಳುವಾದ ಲೇಪನದಲ್ಲಿ ಅದು ಇನ್ನೂ ಸಾಲದು. ಪ್ರಯೋಗಶಾಲೆಗಳಲ್ಲಿ ಮುಲಾಮನ್ನು ಪರೀಕ್ಷಿಸುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ದಪ್ಪವಾಗಿ ಲೇಪಿಸುತ್ತಾರೆ. ಯಾವ ತರಂಗಾಂತರವನ್ನು ಹೀರುತ್ತದೆ, ಎಷ್ಟು ದಪ್ಪವಿದೆ: ದ್ರವ್ಯದ ಯೋಗ್ಯತೆಯನ್ನು ನಿರ್ಣಯಿಸುವವು ಈ ಎರಡು ಪ್ರಶ್ನೆಗಳೇ.

ಈ ಎರಡರಲ್ಲಿಯೂ ಗೆಲ್ಲುವ ಸಸ್ಯಮೂಲದ ವಸ್ತುವೊಂದು ಈ ಸೀಮೆಯಲ್ಲಿಯೇ ಬೆಳೆಯುತ್ತದೆ. ಅದು ಹತ್ತಿ. ಬಿಳುಪು ಮಾಡಿದ ತೆಳು ಬಟ್ಟೆ, ಅದರಲ್ಲಿಯೂ ಒದ್ದೆಯಾದಾಗ, ಅತಿನೇರಳೆಯನ್ನು ಬಹಳವಾಗಿ ಒಳಬಿಡುತ್ತದೆ; ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಹೆಚ್ಚಿನಂಶವನ್ನು ತಡೆಯುತ್ತದೆ. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು ತಲೆಗೆ ಬಟ್ಟೆ ಸುತ್ತುವುದು ಭೌತಶಾಸ್ತ್ರಕ್ಕೆ ಒಪ್ಪುವ ಕ್ರಮವೇ ಆಗಿದೆ.

ವಿದ್ಯಾರ್ಥಿಗಳು ಒಂದು ಕೋಲನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿ ನೋಡಲಿ. ನೆರಳು ಕೋಲಿಗಿಂತ ಗಿಡ್ಡವಾಗಿದ್ದರೆ ಸೂರ್ಯನು 45 ಡಿಗ್ರಿಗಿಂತ ಮೇಲೆ ಇದ್ದಾನೆ, ಅತಿನೇರಳೆ ಪ್ರಬಲವಾಗಿದೆ ಎಂದರ್ಥ. ಆ ಹೊತ್ತಿನಲ್ಲಿ ನೆರಳು, ಬಟ್ಟೆ, ಅಗತ್ಯವಿದ್ದರೆ ಪರೀಕ್ಷಿತ ಮುಲಾಮು ಇವುಗಳನ್ನೇ ನಂಬಬೇಕು.