ಡೆಂಗಿ ವೈರಸ್ ಬೆಳೆಯುವುದು ನಮ್ಮದೇ ಕೊಬ್ಬಿನಲ್ಲಿ

ಕೊತ್ತತ್ತಿಯ ಸುತ್ತ ಭತ್ತ, ಕಬ್ಬಿನ ಗದ್ದೆಗಳು. ಮಳೆಗಾಲದಲ್ಲಿ ಡೆಂಗಿ ಬಂದರೆ ಗದ್ದೆಯ ಸೊಳ್ಳೆಯನ್ನು ದೂರುವುದು ಸುಲಭ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು ಮನೆಯ ತೊಟ್ಟಿ, ಡ್ರಮ್ಮು, ಹಳೆಯ ಟಯರುಗಳಲ್ಲಿ ನಿಂತ ನೀರಿನಲ್ಲಿ. ಅದು ಕಚ್ಚುವುದು ಹಗಲಿನಲ್ಲಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು.

ವೈರಸ್ ತಾನಾಗಿ ಬೆಳೆಯಲಾರದು. ನಮ್ಮ ಜೀವಕೋಶದೊಳಗೆ ಕೊಬ್ಬಿನಿಂದಾದ ಪೊರೆಗಳ ಜಾಲವಿದೆ. ಡೆಂಗಿ ವೈರಸ್ ಆ ಪೊರೆಯನ್ನು ಮಡಚಿ ಪುಟ್ಟ ಚೀಲಗಳನ್ನು ಮಾಡಿಕೊಂಡು, ಅವುಗಳ ಮರೆಯಲ್ಲಿ ತನ್ನ ಪ್ರತಿಗಳನ್ನು ತಯಾರಿಸುತ್ತದೆ. ಬೇಕಾದ ಹೊಸ ಕೊಬ್ಬನ್ನು ಜೀವಕೋಶದಿಂದಲೇ ಮಾಡಿಸಿಕೊಳ್ಳುತ್ತದೆ. ಕೂಡಿಟ್ಟ ಕೊಬ್ಬಿನ ಹನಿಗಳನ್ನು ಕರಗಿಸಿ ಶಕ್ತಿ ಪಡೆಯುತ್ತದೆ. ಹೊರಡುವಾಗ ಅದೇ ಪೊರೆಯನ್ನು ಹೊದ್ದು ಹೊರಡುತ್ತದೆ.

ಹಾಗಾದರೆ ಎಣ್ಣೆ, ತುಪ್ಪ ಬಿಟ್ಟರೆ ವೈರಸ್ ಸಾಯುವುದೇ? ಇಲ್ಲ. ನಾವು ತಿನ್ನದಿದ್ದರೂ ಜೀವಕೋಶ ಕೊಬ್ಬನ್ನು ತಯಾರಿಸಬಲ್ಲದು. ಕೊಲೆಸ್ಟ್ರಾಲ್ ಇಳಿಸುವ ಲೋವಾಸ್ಟಾಟಿನ್ ಮಾತ್ರೆಯನ್ನು ವಿಯೆಟ್ನಾಮಿನಲ್ಲಿ ಡೆಂಗಿ ರೋಗಿಗಳಿಗೆ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು: ಹಾನಿ ಕಾಣಲಿಲ್ಲ, ಪ್ರಯೋಜನವೂ ಕಾಣಲಿಲ್ಲ. ಆದ್ದರಿಂದ ರೋಗಿಯನ್ನು ಉಪವಾಸ ಕೆಡವಬೇಡಿ. ಜೀರ್ಣವಾಗುವ ಊಟ, ಗಂಜಿ, ಎಳನೀರು ಕೊಡಿ.

ಕೊರೊನಾ, ಫ್ಲೂ ವೈರಸ್‌ಗಳಿಗೂ ಇಂಥದೇ ಕೊಬ್ಬಿನ ಹೊದಿಕೆಯಿದೆ. ಸೋಪು ಅದನ್ನು ಒಡೆಯುತ್ತದೆ. ಅದಕ್ಕೇ ಕೈ ತೊಳೆಯುವುದು ಅಲ್ಲಿ ಉಪಯುಕ್ತ. ಡೆಂಗಿ ವೈರಸ್ಸಾದರೋ ಸೊಳ್ಳೆಯ ಮೂಲಕ ನೇರ ರಕ್ತಕ್ಕೆ ಸೇರುತ್ತದೆ. ಅಲ್ಲಿ ಸೋಪು ತಲುಪದು. ಇಲ್ಲಿ ನಮ್ಮನ್ನು ಕಾಯುವುದು ಪಾತ್ರೆಯ ಮುಚ್ಚಳ.

ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹಗಲಿನಲ್ಲೂ ಅದನ್ನು ಪಾಲಿಸೋಣ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಜುಮಾದ ಹಿಂದಿನ ದಿನ, ಪ್ರತಿ ಗುರುವಾರ, ಮನೆಯ ತೊಟ್ಟಿ ಮತ್ತು ಮಸೀದಿಯ ವುಝೂ ನೀರಿನ ತೊಟ್ಟಿಯನ್ನು ಖಾಲಿ ಮಾಡಿ ಉಜ್ಜಿ ತೊಳೆಯಿರಿ. ನೀರು ಚೆಲ್ಲಿದರಷ್ಟೇ ಸಾಲದು. ಗೋಡೆಗಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ.

ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಹುದು. ಮುಖ್ಯವಾಗಿ, ಜ್ವರ ಇಳಿದ ಕೂಡಲೇ ನಿಶ್ಚಿಂತರಾಗಬೇಡಿ. ಅಪಾಯ ಬರುವುದು ಹೆಚ್ಚಾಗಿ ಆಗಲೇ. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಅತಿಯಾದ ಸುಸ್ತು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.