ಚಳಿಗೆ ಹೀಟರ್‌ಗಿಂತ ಕೌದಿ ಲೇಸು

ಬೆಂಗಳೂರಿನ ಹವಾಮಾನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. 1884ರ ಜನವರಿ 13ರಂದು ಅಷ್ಟು ಕೆಳಗೆ ಇಳಿದಿತ್ತು. ಹಿಮ ಬೀಳುವ ನಾಡಿನವರಿಗೆ ಇದು ಚಳಿಯೇ ಅಲ್ಲ ಅನ್ನಿಸಬಹುದು. ಆದರೆ ಅವರ ಮನೆಗಳನ್ನು ಚಳಿಗೆಂದೇ ಕಟ್ಟಿರುತ್ತಾರೆ, ನಮ್ಮವನ್ನು ನಾವು ಸೆಕೆಗೆಂದು ಕಟ್ಟಿಕೊಂಡಿದ್ದೇವೆ. ಗೋಡೆಯ ಮೇಲ್ಗಡೆ ಮುಚ್ಚಲಾಗದ ವೆಂಟಿಲೇಟರ್, ಬಾಗಿಲ ಕೆಳಗೆ ಸಂದು, ಕಾಲಡಿ ತಣ್ಣನೆಯ ಕಲ್ಲು ಅಥವಾ ಟೈಲ್ಸ್. ಬೀದರ್, ವಿಜಯಪುರ, ಧಾರವಾಡದ ಕಡೆ ಮಾಗಿಯ ರಾತ್ರಿಗಳಲ್ಲಿ ಥಂಡಿ ಬಿದ್ದಾಗ ಬೆಳಗಿನ ಜಾವಕ್ಕೆ ಮನೆಯ ಒಳಗೂ ಕೊರೆಯತೊಡಗುವುದು ಇದರಿಂದಲೇ. ಆಗ ಮೊದಲು ನೆನಪಾಗುವುದು ಅಂಗಡಿಯ ಹೀಟರ್. ಅದಕ್ಕೆ ದುಡ್ಡು ಕೊಡುವ ಮುನ್ನ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ.

2000 ವ್ಯಾಟ್‌ನ ಹೀಟರ್ ಎಂಟು ಗಂಟೆ ಉರಿದರೆ 16 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಹದಿಮೂರು ರಾತ್ರಿಗೆ 208 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಗರಿಷ್ಠ ಮಿತಿಯೇ ತಿಂಗಳಿಗೆ 200 ಯೂನಿಟ್, ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹೀಗೆ ದುಡ್ಡು ಸುರಿದು ಹುಟ್ಟಿಸಿದ ಶಾಖದ ಬಹುಪಾಲು ಕಿಟಕಿಯ ಸಂದಿನಿಂದ, ವೆಂಟಿಲೇಟರಿನಿಂದ, ಸೂರಿನಿಂದ ಆಚೆ ಹೋಗುತ್ತದೆ. ಕೋಣೆಯನ್ನು ಬೆಚ್ಚಗೆ ಮಾಡುವುದು ದುಬಾರಿ. ಕೋಣೆಯೊಳಗಿನ ಮನುಷ್ಯರನ್ನು ಬೆಚ್ಚಗಿಡುವುದಕ್ಕೆ ಅಷ್ಟೇನೂ ಖರ್ಚಿಲ್ಲ.

ಏಕೆಂದರೆ ಮನುಷ್ಯದೇಹವೇ ಒಂದು ಶಾಖದ ಮೂಲ. ಸುಮ್ಮನೆ ಕೂತ ವಯಸ್ಕರೊಬ್ಬರ ಮೈಯಿಂದ ಸುಮಾರು 100 ವ್ಯಾಟ್‌ನಷ್ಟು ಶಾಖ ಸತತವಾಗಿ ಹೊರಬೀಳುತ್ತದೆ. ನಿದ್ದೆಯಲ್ಲಿ ಅದು 70-80 ವ್ಯಾಟ್‌ಗೆ ಇಳಿಯುತ್ತದೆ. ಉಂಡ ಅನ್ನ, ರೊಟ್ಟಿಯಿಂದ ಹುಟ್ಟುವ ಈ ಬಿಸಿಗೆ ಬೇರೆ ಬಿಲ್ ಇಲ್ಲ. ಅದು ಸೋರಿಹೋಗದಂತೆ ತಡೆದರೆ ಚಳಿಗಾಲದ ತಯಾರಿಯ ಮುಕ್ಕಾಲು ಪಾಲು ಮುಗಿದಂತೆ.

ಕೌದಿ ಮಾಡುವುದು ಈ ಕೆಲಸವನ್ನೇ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ಒತ್ತೊತ್ತಾಗಿ ದಾರ ಓಡಿಸಿ ಹೊಲಿಯುವ ಈ ಹೊದಿಕೆ ಉತ್ತರ ಕರ್ನಾಟಕದ ಮನೆಮನೆಯಲ್ಲೂ ಇತ್ತು. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳ ಬಣ್ಣದ ಸೊಗಸೇ ಬೇರೆ. ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಐಸ್‌ಗೆಡ್ಡೆಯನ್ನು ಕೌದಿಯಲ್ಲಿ ಸುತ್ತಿಟ್ಟರೆ ಅದು ಬೇಗ ಕರಗುವುದಿಲ್ಲ ಎಂಬುದೇ ಇದಕ್ಕೆ ಸಾಕ್ಷಿ. ಬೆಚ್ಚಗಿಡುವುದು ಪದರಗಳ ನಡುವೆ ಸಿಕ್ಕಿಕೊಂಡ, ಅಲುಗಾಡದ ಗಾಳಿ. ನಿಂತ ಗಾಳಿಯ ಶಾಖವಾಹಕ ಗುಣ ಮೀಟರಿಗೆ ಡಿಗ್ರಿಗೆ ಕೇವಲ 0.025 ವ್ಯಾಟ್. ನೀರಿನದು 0.6, ಅಂದರೆ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಂಡಾಗ ಹೆಚ್ಚು ಬೆಚ್ಚಗಿರುವುದು ನಡುವಿನ ಗಾಳಿಯಿಂದಾಗಿ. ಹೊದಿಕೆಗೆ ತೇವ ತಗುಲಿದರೆ ಗಾಳಿಯ ಜಾಗಕ್ಕೆ ನೀರು ಬಂದು ಕೂರುತ್ತದೆ, ಬೆಚ್ಚಗಿಡುವ ಗುಣ ಕುಸಿಯುತ್ತದೆ. ಆದ್ದರಿಂದ ಕೌದಿ, ರಜಾಯಿಗಳನ್ನು ಬಿಸಿಲಿಗೆ ಹಾಕಿ ಕೊಡವುವ ಅಜ್ಜಿಯರ ರೂಢಿ ಬರೀ ಮಡಿಯ ಮಾತಲ್ಲ. ಬಿಸಿಲು ತೇವ ತೆಗೆಯುತ್ತದೆ, ಕೊಡವಿದಾಗ ಅಮುಕಿಹೋದ ಎಳೆಗಳು ಅರಳಿ ಗಾಳಿಗೆ ಮತ್ತೆ ಜಾಗವಾಗುತ್ತದೆ.

ಚಳ್ಳಕೆರೆಯ ಕಡೆ ಕುರಿಯುಣ್ಣೆಯಿಂದ ನೇಯುವ ಕಂಬಳಿಗೆ ಇನ್ನೂ ಒಂದು ಗುಣವಿದೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ನೀರಾವಿಯನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಅಷ್ಟಿಷ್ಟು ಶಾಖವನ್ನೂ ಬಿಟ್ಟುಕೊಡುತ್ತದೆ. ಹೊಲದ ಇಬ್ಬನಿಯಲ್ಲಿ ರಾತ್ರಿ ಕಳೆಯುವ ಕುರುಬರು ಹತ್ತಿಯನ್ನು ಬಿಟ್ಟು ಕಂಬಳಿಯನ್ನೇ ನೆಚ್ಚಿದ್ದು ಸಕಾರಣ. ಚುಚ್ಚುತ್ತದೆ ಎನ್ನುವವರು ಒಳಗೆ ಹತ್ತಿಯ ಹೊದಿಕೆ, ಮೇಲೆ ಕಂಬಳಿ ಹಾಕಿಕೊಂಡರಾಯಿತು.

ಹೊದೆಯುವುದರ ಬಗ್ಗೆ ಇಷ್ಟು ಯೋಚಿಸುವ ನಾವು ಹಾಸುವುದನ್ನು ಮರೆಯುತ್ತೇವೆ. ನೆಲದ ಮೇಲೆ ಮಲಗಿದಾಗ ಮೈಭಾರಕ್ಕೆ ಹಾಸಿಗೆಯ ಹತ್ತಿ ಅಮುಕಿ, ಒಳಗಿನ ಗಾಳಿ ಹೊರಹೋಗಿ, ಬೆನ್ನಿನ ಬಿಸಿ ನೇರವಾಗಿ ಕಲ್ಲಿಗೆ ಇಳಿಯುತ್ತದೆ. ಮೇಲೆ ಎಷ್ಟು ಹೊದ್ದರೂ ನಡುಕ ನಿಲ್ಲದಿದ್ದರೆ ಕೆಳಗೆ ನೋಡಿ. ಒಂದು ಚಾಪೆ, ಅದರ ಮೇಲೆ ಜಮಖಾನೆ, ಅದರ ಮೇಲೆ ಹಾಸಿಗೆ. ಇರುವುದು ಎರಡೇ ಕೌದಿಯಾದರೆ ಒಂದನ್ನು ಕೆಳಗೆ ಹಾಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ಇನ್ನು ಗಾಳಿಯ ವಿಚಾರ. ಬಾಗಿಲ ಕೆಳಗೆ ಒಂದು ಸೆಂಟಿಮೀಟರ್ ಸಂದು ಇದೆ, ಬಾಗಿಲ ಅಗಲ 90 ಸೆಂಟಿಮೀಟರ್ ಎಂದುಕೊಳ್ಳಿ. ಅಲ್ಲಿಗೆ 90 ಚದರ ಸೆಂಟಿಮೀಟರ್ ತೆರಪು. ಗೋಡೆಯಲ್ಲಿ ಅಂಗೈ ತೂರುವಷ್ಟು ದೊಡ್ಡ ತೂತು ಕಂಡರೆ ಇವತ್ತೇ ಮೆತ್ತುತ್ತೇವೆ, ಅಷ್ಟೇ ದೊಡ್ಡ ಸಂದನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತೇವೆ. ಕೋಣೆಯ ಬಿಸಿಗಾಳಿ ಹಗುರವಾದ್ದರಿಂದ ಮೇಲೇರಿ ವೆಂಟಿಲೇಟರಿನಿಂದ ಹೊರಬೀಳುತ್ತದೆ, ಆ ಜಾಗ ತುಂಬಲು ಬಾಗಿಲಡಿಯಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಕೆಳಗಿನ ದಾರಿ ಮುಚ್ಚಿದರೆ ಈ ಓಟಕ್ಕೆ ಲಗಾಮು ಬೀಳುತ್ತದೆ. ಹಳೆ ಸೀರೆಯನ್ನು ಬಿಗಿಯಾಗಿ ಸುತ್ತಿ, ಅಥವಾ ಹಳೆ ಪ್ಯಾಂಟಿನ ಕಾಲಿಗೆ ಚಿಂದಿ ತುಂಬಿ ಹೊಲಿದು ರಾತ್ರಿ ಬಾಗಿಲ ಬುಡಕ್ಕೆ ಒತ್ತಿಟ್ಟರೆ ಸಾಕು. ಮೇಲಿನ ವೆಂಟಿಲೇಟರನ್ನು ಮಾತ್ರ ಪೂರ್ತಿ ಮುಚ್ಚಬೇಡಿ. ಉಸಿರಾಟದ ಗಾಳಿಗೆ, ತೇವ ಹೊರಹೋಗುವುದಕ್ಕೆ ಒಂದಿಷ್ಟು ದಾರಿ ಇರಲೇಬೇಕು.

ಮನೆ ಕಳೆದುಕೊಳ್ಳುವ ಶಾಖದ ದೊಡ್ಡ ಪಾಲು ಸೂರಿನ ಮೂಲಕ ಆಕಾಶಕ್ಕೆ ಹೋಗುತ್ತದೆ. ಬಿಸಿಯಾದ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತಿರುತ್ತದೆ. ಮೋಡ, ನೀರಾವಿ ಇದ್ದರೆ ಅವು ಈ ಕಿರಣಗಳನ್ನು ಹೀರಿ ಒಂದು ಪಾಲನ್ನು ಕೆಳಕ್ಕೇ ಮರಳಿಸುತ್ತವೆ. ಡಿಸೆಂಬರಿನ ಒಣಹವೆಯಲ್ಲಿ, ನಕ್ಷತ್ರಗಳು ನಿಚ್ಚಳವಾಗಿ ಕಾಣುವ ರಾತ್ರಿಗಳಲ್ಲಿ ಈ ತಡೆ ತೀರಾ ಕಡಿಮೆ. ತಗಡಿನ ಸೂರಿನ ಕಷ್ಟ ಇಲ್ಲಿಂದಲೇ ಶುರು. ತೆಳುವಾದ ತಗಡು ಹಗಲಿನ ಬಿಸಿಯನ್ನು ಕೂಡಿಟ್ಟುಕೊಳ್ಳಲಾರದು, ಬೇಗ ಆರಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮಲಗಿದವರ ಉಸಿರಿನ ಆವಿ ಅದರ ಒಳಮೈಗೆ ತಾಗಿ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಮಾಳಿಗೆ ಮನೆಗಳ ದಪ್ಪ ಮಣ್ಣು ಹಗಲಿಡೀ ಬಿಸಿಲು ಕುಡಿದು ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತಿತ್ತು. ತಗಡಿನ ಕೆಳಗೆ ಅಂಗೈ ಅಗಲದ ಅಂತರ ಬಿಟ್ಟು ಹಳೆ ಸೀರೆ, ಗೋಣಿತಟ್ಟು ಅಥವಾ ಚಾಪೆ ಕಟ್ಟಿದರೆ ನಡುವೆ ಗಾಳಿಯ ಪದರ ಏರ್ಪಡುತ್ತದೆ. ಬೇಸಿಗೆಯಲ್ಲೂ ಅದೇ ಪದರ ಕಾಯುತ್ತದೆ. ಒಲೆಯ ಮೇಲ್ಭಾಗವನ್ನು ಮಾತ್ರ ಬಿಟ್ಟು ಕಟ್ಟಿ, ಬಟ್ಟೆಗೆ ಕಿಡಿ ತಾಗುವುದು ಬೇಡ. ಕಟ್ಟಡ ಕೆಲಸಕ್ಕೆ ಬಂದವರನ್ನು ತಗಡಿನ ಶೆಡ್ಡಿನಲ್ಲಿ ಮಲಗಿಸುವ ಮಾಲೀಕರು ಇಷ್ಟಾದರೂ ಮಾಡಿಕೊಡಬೇಕು. ಇದು ಕರುಣೆಯಲ್ಲ, ಕರ್ತವ್ಯ.

ಹಗಲಿನಲ್ಲಿ ಸೂರ್ಯನೇ ನೆರವಿಗೆ ಬರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ನಡುಹಗಲ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಬೀದರಿನಲ್ಲಿ 49ರ ಆಸುಪಾಸು. ಹಾಗಾಗಿ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಬರುತ್ತದೆ. ಬೆಳಗ್ಗೆ ಹತ್ತರಿಂದ ಮೂರರವರೆಗೆ ಅಲ್ಲಿಯ ಪರದೆ ಸರಿಸಿಡಿ, ಹೊತ್ತು ಇಳಿಯುತ್ತಲೇ ಮುಚ್ಚಿ.

ಚಳಿಗಾಲದ ಕರೆಂಟ್ ಬಿಲ್ ಏರುವುದಕ್ಕೆ ಸ್ನಾನದ ನೀರು ಮುಖ್ಯ ಕಾರಣ. 18 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 0.42 ಯೂನಿಟ್ ಬೇಕು. ಶವರ್ ನಿಮಿಷಕ್ಕೆ ಎಂಟು ಲೀಟರ್ ಸುರಿಸಿದರೆ ಹತ್ತು ನಿಮಿಷಕ್ಕೆ 80 ಲೀಟರ್, ನಾಲ್ಕು ಪಟ್ಟಿಗೂ ಮಿಕ್ಕಿದ ಖರ್ಚು. ಬಕೆಟ್ಟು-ಚೊಂಬಿನ ಸ್ನಾನವೇ ಮಿತವ್ಯಯದ ಸ್ನಾನ. ಗೀಸರನ್ನು ದಿನವಿಡೀ ಚಾಲೂ ಇಡದೆ ಬೇಕಾದಾಗ ಮಾತ್ರ ಹಾಕಿ. ಸೋಲಾರ್ ಇದ್ದವರು ತಾರಸಿಯಿಂದ ಬರುವ ಬಿಸಿನೀರಿನ ಪೈಪಿಗೆ ಫೋಮ್ ಹೊದಿಸಿದರೆ ಶಾಖ ದಾರಿಯಲ್ಲಿ ಸೋರುವುದು ತಗ್ಗುತ್ತದೆ. ನೀರು ಕಾಯಿಸುವ ರಾಡ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಕೈ ಹಾಕಬೇಕು. ಬಿಸಿ ಎಷ್ಟಾಗಿದೆ ಎಂದು ಬೆರಳದ್ದಿ ನೋಡುವ ಚಾಳಿ ಜೀವ ತೆಗೆದೀತು.

ತೀರಾ ಸುಡುವ ನೀರು ಚರ್ಮದ ಎಣ್ಣೆಯಂಶವನ್ನು ತೊಳೆದುಬಿಡುತ್ತದೆ. ಸ್ನಾನವಾಗಿ ಮೈಯ ಪಸೆ ಆರುವ ಮೊದಲೇ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿದರೆ ತೇವ ಒಳಗೇ ಉಳಿಯುತ್ತದೆ, ಹಿಮ್ಮಡಿ ಒಡೆಯುವುದು ಕಡಿಮೆಯಾಗುತ್ತದೆ.

ಶಾಖದ ಅರ್ಧ ಪಾಲು ತಲೆಯಿಂದಲೇ ಹೋಗುತ್ತದೆ ಎಂಬ ಮಾತು ನಿಜವಲ್ಲ, ದೊಡ್ಡವರಲ್ಲಿ ಅದು ಹತ್ತರಲ್ಲಿ ಒಂದು ಪಾಲಿನಷ್ಟು. ಎಳೆಗೂಸುಗಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿಯೂ ಅವಕ್ಕಿಲ್ಲ. ಅವುಗಳಿಗೆ ಕುಲಾವಿ ಬೇಕು, ಆದರೆ ಹೊದಿಕೆ ಮುಖದ ಮೇಲೆ ಬರಬಾರದು. ವಯಸ್ಸಾದವರಿಗೆ ಚಳಿಯ ಅರಿವೇ ಮಂದವಾಗಿರುತ್ತದೆ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುವುದರಿಂದ ಅವರ ಬೆಳಗಿನ ವಾಕಿಂಗ್ ಬಿಸಿಲೇರಿದ ಮೇಲಾದರೆ ಒಳ್ಳೆಯದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಸಂದುಗಳನ್ನೆಲ್ಲ ಮುಚ್ಚಿ ಬೆಚ್ಚಗೆ ಮಾಡಿಕೊಂಡ ಮನೆಯೊಳಗೆ ಬೆಂಕಿ ತರುವಂತಿಲ್ಲ. ಇದ್ದಿಲು ಪೂರ್ತಿ ಉರಿಯಲು ಸಾಕಷ್ಟು ಆಮ್ಲಜನಕ ಬೇಕು. ಮುಚ್ಚಿದ ಕೋಣೆಯಲ್ಲಿ ಅದು ಸಿಗದೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತ ಹೋಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ, ಆಮ್ಲಜನಕಕ್ಕೆ ಜಾಗವೇ ಇಲ್ಲದಂತಾಗುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಈ ಸೂಚನೆಗಳೂ ತಿಳಿಯುವುದಿಲ್ಲ. ಹೊಗೆಯಾಡದ ಕೆಂಡ ನಿರಪಾಯ ಎಂದು ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕುವ ಪದ್ಧತಿ ಇಂದೂ ಅಲ್ಲಲ್ಲಿ ಇದೆ. ಅದು ನಿಲ್ಲಬೇಕು. ಬಚ್ಚಲೊಳಗಿನ ಗ್ಯಾಸ್ ಗೀಸರ್ ಕೂಡ ಇದೇ ವಿಷಾನಿಲವನ್ನು ಬಿಡಬಲ್ಲದು. ಸೋರಿದ ಅಡುಗೆ ಅನಿಲಕ್ಕಾದರೆ ಬೇಕೆಂದೇ ಬೆರೆಸಿದ ದುರ್ವಾಸನೆ ಇರುತ್ತದೆ. ಅದು ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಆ ವಾಸನೆ ಇರುವುದಿಲ್ಲ. ಸ್ನಾನಕ್ಕೆ ಹೋದವರು ಕೂಗಿಗೆ ಓಗೊಡದಿದ್ದರೆ ಕೂಡಲೇ ಬಾಗಿಲು ಒಡೆದು, ಅವರನ್ನು ಬಯಲಿನ ಗಾಳಿಗೆ ತಂದು, 108ಕ್ಕೆ ಕರೆ ಮಾಡಿ. ನಿಮ್ಮ ಮನೆಯ ಗ್ಯಾಸ್ ಗೀಸರ್ ಬಚ್ಚಲೊಳಗೇ ಇದ್ದರೆ, ಚಳಿಗೆಂದು ಬೇರೆ ಏನನ್ನು ಕೊಳ್ಳುವುದಕ್ಕೂ ಮೊದಲು, ದಯವಿಟ್ಟು ಅದನ್ನು ಹೊರಗಿನ ಗೋಡೆಗೆ ಹಾಕಿಸಿ.